ಅಕ್ಕನ ಕೈಯ ಹುರುಳಿ ಕಟ್ಟು

ವಯಸ್ಸು ಅರುವತ್ತರ ಹತ್ತಿರ ಬಂದರೂ ಅಕ್ಕನ ತಲೆಯಲ್ಲಿ ಒಂದು ಬಿಳಿಕೂದಲಿರಲಿಲ್ಲ. ಕಬ್ಬಿಣದ ಬಾಣಲೆಯಂತೆ ಕಪ್ಪು. ಬೆಳ್ಳಾರೆಯ ಮಗಳ ಮನೆಯಲ್ಲಿ ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಅವಳದೇ ಬಾಣಲೆಯಿಂದ ಬೆಂದ ಹುರುಳಿಯ ಕಟ್ಟು ಬಸಿಯುತ್ತಿದ್ದೆ.

ಅವಳು ನನ್ನ ಓರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ತಾಯಿ ಇಲ್ಲದ ಮೈದುನನನ್ನು ಸಾಕಿದವಳು. ನಾನು ಬಡಿಸಿದ ಪಲ್ಯಕ್ಕೆ ಯಜಮಾನರು "ಉಪ್ಪು ಸರಿ ಉಂಟು" ಎನ್ನುವರು. ಅಕ್ಕ ಬಡಿಸಿದ್ದನ್ನು ಮಾತಿಲ್ಲದೆ ಎರಡನೇ ಸಲ ಹಾಕಿಸಿಕೊಳ್ಳುವರು. ನನಗೆ ಒಳಗೇ ಉರಿಯುತ್ತಿತ್ತು.

ಇಸವಿ ಸಾವಿರದ ಒಂಬೈನೂರ ಅರುವತ್ತೆರಡೋ ಮೂರೋ ಇರಬೇಕು, ಯಜಮಾನರಿಗೆ ಎದೆನೋವು ಬಂತು. ಪುತ್ತೂರಿನ ಡಾಕ್ಟರು ಅವರ ರಕ್ತ ತೆಗೆಯುವಾಗ ಅಕ್ಕನೂ ತೋಳು ಚಾಚಿದಳು.

"ನನ್ನದೂ ನೋಡಿ ಡಾಕ್ಟ್ರೆ. ಇವನಿಗಿಂತ ಹೆಚ್ಚು ತುಪ್ಪ ನುಂಗಿದವಳು ನಾನು."

ಯಜಮಾನರ ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ಏರಿತ್ತು. ಹೀಗೇ ಬಿಟ್ಟರೆ ಜೀವಕ್ಕೆ ಅಪಾಯವೆಂದರು. ಅಕ್ಕನ ರಕ್ತ ಚೊಕ್ಕ! ಒಂದೇ ಬಾವಿಯ ನೀರು, ಒಂದೇ ಬಾಣಲೆ, ಒಂದೇ ಸೊಪ್ಪು. ಇದೆಂತ ನ್ಯಾಯ ಎಂದು ಕೇಳಿಯೇಬಿಟ್ಟೆ.

"ಊಟದಲ್ಲಿ ಸುಣ್ಣ, ಕಬ್ಬಿಣದ ಅಂಶ ಎಲ್ಲ ಉಂಟಲ್ಲಮ್ಮ, ಅವು ಹೆಂಗಸರ ಮೈಯ ಕೊಬ್ಬಿನ ಮೇಲೆ ಮಾಡುವ ಕೆಲಸವನ್ನೇ ಗಂಡಸರ ಮೈಯಲ್ಲೂ ಮಾಡಬೇಕೆಂದಿಲ್ಲ. ಯಾಕೆಂದು ನಮಗೂ ಪೂರ್ತಿ ಗೊತ್ತಿಲ್ಲ. ತುಪ್ಪ, ತೆಂಗಿನಕಾಯಿ ಬಿಡಿಸಿ, ಹುರುಳಿ, ಸೊಪ್ಪು ಇರಲಿ" ಎಂದರು ಡಾಕ್ಟರು.

ಬಸ್ಸಿನಲ್ಲಿ ಮುಖ ತಿರುಗಿಸಿ ಕುಳಿತೆ. ಅಕ್ಕ ಮೊಣಕೈಯಿಂದ ತಿವಿದಳು.

"ಎಂತ ಮಾರಾಯ್ತಿ, ನನ್ನ ರಕ್ತಕ್ಕೂ ಕಣ್ಣು ಹಾಕುದಾ?"

"ನಿನಗೆ ದೇವರು ಎಲ್ಲ ಕೊಟ್ಟಿದ್ದಾನಕ್ಕ."

"ಹಾಗಾದ್ರೆ ಅರ್ಧ ತಗೊ" ಎಂದು ನಕ್ಕಳು.

ಮರುದಿನದಿಂದ ಅವಳೂ ತುಪ್ಪ ಬಿಟ್ಟಳು. ಗಂಡಸರ ಊಟವಾಗದೆ ಎಲೆ ಹಾಕಿಕೊಂಡವಳಲ್ಲ. ಈಗ ಮೈದುನನ ಎದುರೇ ಕುಳಿತು ಕಾಯಿ ಹಾಕದ ಸಾರು ಉಂಡಳು. ಹುರುಳಿ ಕಟ್ಟಿನ ಲೋಟ ನಾನು ಹಿಡಿದರೆ ಯಜಮಾನರು "ಮತ್ತೆ ಕುಡಿತೇನೆ" ಎಂದು ಬದಿಗಿಡುವರು. ಅವಳು ಹಿಡಿದರೆ ಒಂದೇ ಗುಟುಕು. ಅವರು ಚೇತರಿಸಿಕೊಂಡರು. ನನ್ನ ತಾಳಿ ಉಳಿಯಿತೆಂದು ದೇವರಿಗೆ ದೀಪ ಹಚ್ಚಿದೆ. ಆ ಲೋಟ ನನ್ನ ಕೈಯದ್ದಾಗಬಾರದಿತ್ತೇ ಎಂದು ಅದೇ ದೀಪದೆದುರು ಅನಿಸಿತು.

ಅಂತಹ ಚೊಕ್ಕ ರಕ್ತದವಳು ಕೆಲವು ವರ್ಷದ ಮೇಲೆ ಬೆಳ್ಳಾರೆಯಲ್ಲಿ ಜ್ವರ ಬಂದು ತೀರಿಹೋದಳು. ಸುದ್ದಿ ಕೇಳಿ ಯಜಮಾನರು ಜಗಲಿಯಲ್ಲಿ ಮಗುವಿನಂತೆ ಅತ್ತರು. ನಾನು ಸತ್ತರೆ ಹೀಗೆ ಅಳುವರೇ ಎಂಬ ಯೋಚನೆ ಬಂತು, ಈಗಲೂ ಬರುತ್ತದೆ.

ಸೂತಕವಾದರೂ ಔಷಧಿ ತಪ್ಪಬಾರದೆಂದು ಬೆಳ್ಳಾರೆಗೆ ಹೊರಡುವ ಮೊದಲು ಲೋಟ ಹಿಡಿದೆ. "ಮತ್ತೆ" ಎನ್ನಲಿಲ್ಲ. ಕುಡಿದು, "ಅತ್ತಿಗೆ ಮಾಡಿದ ಹಾಗೆಯೇ ಉಂಟು" ಎಂದರು.

ಅಷ್ಟಾದರೂ ಸಿಕ್ಕಿತು. ಅವಳ ಬಾಣಲೆ ತೊಳೆದು, ತುಕ್ಕು ಹಿಡಿಯದಂತೆ ಎಣ್ಣೆ ಸವರಲು ಒಳಗೆ ಹೋದೆ.