ಕೆರೆಯಕ್ಕನ ಕಿವಿ

ಕೆರೆಯಕ್ಕ ಎಂಬ ಹೆಸರನ್ನು ಅವಳಿಗೆ ಕಟ್ಟಿದವರು ನೂಲಿನ ಗಿರಣಿಯ ಹೆಂಗಸರು. ವಾರದ ರಜೆ ಬಂತೆಂದರೆ ಉಳಿದವರೆಲ್ಲ ಬಟ್ಟೆ ಒಗೆದು ಹಾಕಿ ಕಾಲು ಚಾಚುತ್ತಿದ್ದರು; ಇವಳು ಮಾತ್ರ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಅಣ್ಣನ ಜೊತೆ ಊರಾಚೆಯ ಕೆರೆಗಳನ್ನು ಸುತ್ತಲು ಹೊರಡುತ್ತಿದ್ದಳು. "ಗಂಡನ ಕೈ ಹಿಡ್ಕೊಂಡು ಸುತ್ತೋ ವಯಸ್ಸಲ್ಲಿ ಅಣ್ಣನ ಹಿಂದೆ ಬಾತುಕೋಳಿ ಎಣಿಸೋಕೆ ಹೋಗ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯಾ?" ಎಂದು ಅವರು ಆಡಿಕೊಳ್ಳುತ್ತಿದ್ದರು. ಅವಳೂ ನಕ್ಕುಬಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಮಾತು ತಾನಾಗಿಯೇ ನಿಂತಿತು. ಹೆಸರು ಮಾತ್ರ ಉಳಿಯಿತು.

ಅಣ್ಣನದು ಬಸ್ ನಿಲ್ದಾಣದ ಪಕ್ಕದಲ್ಲಿ ಕ್ಷೌರದ ಅಂಗಡಿ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಕನ್ನಡಿಯ ಅಂಚಿಗೆ ಸಿಕ್ಕಿಸಿದ ಹಕ್ಕಿಚಿತ್ರಗಳ ಹಳೆಯ ಕ್ಯಾಲೆಂಡರ್ ಹಾಳೆಗಳು. ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ "ಸ್ವಲ್ಪ ತಡೀರಿ" ಎಂದು ಕಿಟಕಿಯ ಕಡೆ ಕಿವಿ ತಿರುಗಿಸುವುದು ಅವನ ಸ್ವಭಾವ. ಹೊರಗೆ ಹಕ್ಕಿ ಹಾರಿಹೋಗುವವರೆಗೂ ಗಿರಾಕಿ ಜೀವ ಬಿಗಿಹಿಡಿದು ಕೂತಿರಬೇಕು. ಹಾಗಿದ್ದೂ ಅಂಗಡಿಗೆ ಜನ ಬರುತ್ತಿದ್ದರು. ಅವನ ಕೈ ಅಷ್ಟು ಹಗುರ.

ಊರಿನಲ್ಲಿ ಒಂದು ನಿಸರ್ಗ ಸಂಘವಿತ್ತು. ವಸಂತ ಬಂದಾಗ ಸಂಘದವರು ಕೆರೆಗಳನ್ನು ಹಂಚಿಕೊಂಡು ಯಾವ ಹಕ್ಕಿ ಬಂತು, ಯಾವುದು ಕೂಗಿತು, ಯಾವುದು ಗೂಡು ಕಟ್ಟಿತು ಎಂದು ಬರೆದು ಕೊಡಬೇಕು. ಕಾಲೇಜಿನ ಮೇಷ್ಟ್ರೊಬ್ಬರು ಅದನ್ನೆಲ್ಲ ಒಟ್ಟು ಮಾಡಿ ಮೇಲಿನವರಿಗೆ ಕಳಿಸುತ್ತಿದ್ದರು. ದೊಡ್ಡ ಕೆರೆ ಮೊದಲಿನಿಂದಲೂ ಈ ಅಣ್ಣ ತಂಗಿಯ ಪಾಲು. ಅಲ್ಲಿನ ಜೊಂಡಿನಲ್ಲಿ ಒಂದು ಕಂದು ಬಣ್ಣದ ಸಣ್ಣ ಹಕ್ಕಿ ಇರುತ್ತಿತ್ತು. ಕಣ್ಣಿಗೆ ಬೀಳುವುದೇ ಅಪರೂಪ. ವಸಂತದಲ್ಲಿ ಗಂಡು ಜೊಂಡಿನ ತುದಿಗೇರಿ ಕೂಗಿದರೆ ಇದೆ ಎಂದು ಗೊತ್ತಾಗಬೇಕು. ಕೂದಲ ತುದಿಯನ್ನಷ್ಟೇ ಸವರುವ ಕತ್ತರಿಯಂಥ ಸಪುರ ದನಿ. ಪುಸ್ತಕದಲ್ಲಿ ಅದಕ್ಕೆ ಬಾಯಿ ತಿರುಗದ ಹೆಸರಿತ್ತು. ಅಣ್ಣ ಕತ್ತರಿಹಕ್ಕಿ ಅಂದ. ಮೇಷ್ಟ್ರೂ ಹಾಗೇ ಅನ್ನತೊಡಗಿದರು.

ಸಕ್ಕರೆ ಕಾಯಿಲೆ ಅಣ್ಣನ ಕಣ್ಣನ್ನು ಮೆಲ್ಲಗೆ ತಿಂದುಹಾಕಿತು. ಕತ್ತಿ ಹಿಡಿಯಲಾಗದೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುವವನು ಕೆರೆಗೆ ಹೋಗುವ ದಿನ ಮಾತ್ರ ಬೆಳಕು ಹರಿಯುವ ಮೊದಲೇ ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ತಂಗಿ ಬಂದು ಅವನ ಮೊಣಕೈ ಹಿಡಿಯುತ್ತಿದ್ದಳು. "ನಾನು ಕಿವಿ, ನೀನು ಕಣ್ಣು. ಇಬ್ಬರೂ ಸೇರಿದ್ರೆ ಒಬ್ಬ ನೆಟ್ಟಗಿನ ಮನುಷ್ಯ ಆಗ್ತೀವಿ ನೋಡು" ಎನ್ನುತ್ತಿದ್ದ.

ಆಮೇಲೆ ನಗರಸಭೆಗೆ ದೊಡ್ಡ ಕೆರೆಯನ್ನು ಚಂದ ಮಾಡಬೇಕೆನ್ನಿಸಿತು. ದಡದ ಜೊಂಡನ್ನೆಲ್ಲ ಕಿತ್ತು, ಸುತ್ತ ಕಾಂಕ್ರೀಟಿನ ದಾರಿ ಹಾಕಿ, ದೀಪದ ಕಂಬ ನೆಟ್ಟು, ತುಳಿಯುವ ದೋಣಿಗಳನ್ನು ಬಿಟ್ಟರು. ಆಚೆ ದಡದಲ್ಲಿ ಒಂದು ತುಂಡು ಜೊಂಡು ಮಾತ್ರ ಉಳಿಯಿತು. ಆ ವಸಂತದಲ್ಲಿ ಅಣ್ಣ ತಂಗಿ ಹೋಗಿ ಅದರ ಮುಂದೆ ನಿಂತರು. ಬಹಳ ಹೊತ್ತಿನ ಮೇಲೆ ಅಣ್ಣ ಬೆರಳೆತ್ತಿದ.

"ಅಗೋ. ಎಡಗಡೆ. ಕೇಳಿಸ್ತಾ?"

ಅವಳಿಗೆ ಕೇಳಿಸಿದ್ದು ಗಾಳಿ, ದೂರದಲ್ಲಿ ದೋಣಿ ತುಳಿಯುವವರ ನಗು. "ಇಲ್ವಲ್ಲೋ ಅಣ್ಣ."

"ಗಿರಣಿಯಲ್ಲಿ ಇಷ್ಟು ವರ್ಷ ದುಡಿದಿದ್ದೀಯ. ಸಣ್ಣ ದನಿ ಮೊದಲು ಹೋಗುತ್ತೆ ಅಂತಾರೆ. ಬರ್ಕೋ."

ಅವಳು ಬರೆದುಕೊಂಡಳು: ಇದೆ, ಒಂದು, ದನಿ ಮಾತ್ರ. ಮುಂದಿನ ವಸಂತದಲ್ಲೂ ಅದೇ ಆಯಿತು. ಅದರ ಮುಂದಿನದರಲ್ಲೂ.

ಕಿವಿ ಹೋಗಿದೆ ಎಂದು ಒಮ್ಮೆ ತಲೆಗೆ ಹೊಕ್ಕರೆ ಕೇಳಿದ್ದರ ಮೇಲೂ ಅನುಮಾನ ಹುಟ್ಟುತ್ತದೆ. ಅವಳು ಫೋನ್ ಎತ್ತುವುದನ್ನು ಬಿಟ್ಟಳು. ನಾಲ್ಕು ಜನ ಸೇರಿದಲ್ಲಿ ಮಾತಿಗೆ ಮಾತು ಸೇರಿಸದೆ ಸುಮ್ಮನೆ ತಲೆಯಾಡಿಸತೊಡಗಿದಳು. ಅತ್ತೆಗೆ ಕಿವಿ ಮಂದ ಎಂದು ತಿಳಿದ ಸೊಸೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೂಗಿ ಮಾತಾಡಲು ಶುರುಮಾಡಿದಳು. "ಅತ್ತೇ, ಊಟಕ್ಕೆ ಬನ್ನಿ" ಎಂದರೆ ಮೂರನೇ ಮನೆಯವರು ಕೈ ತೊಳೆಯಬೇಕು, ಹಾಗೆ. ಗಿರಣಿಯಲ್ಲಿ ನೂಲುವ ಯಂತ್ರಗಳ ಒಂದು ಇಡೀ ಸಾಲು ಇವಳ ಸುಪರ್ದಿನಲ್ಲಿತ್ತು. ಯಂತ್ರ ಕೆಡುವ ಮುಂಚೆ ಅದರ ಸದ್ದು ಬದಲಾಗುತ್ತದೆ. ಅದನ್ನು ಹಿಡಿಯಲಾರದವಳು ಅಲ್ಲಿರುವುದು ತಪ್ಪು ಎನ್ನಿಸಿ, ತಾನೇ ಮೇಲ್ವಿಚಾರಕನ ಬಳಿ ಹೋಗಿ ಹೇಳಿದಳು. ಅವನು ಅವಳನ್ನು ಪ್ಯಾಕಿಂಗ್ ಕೋಣೆಗೆ ಹಾಕಿದ. ಅಲ್ಲಿ ರಟ್ಟಿನ ಪೆಟ್ಟಿಗೆಗಳು, ಅಂಟುಪಟ್ಟಿ, ಕಿಟಕಿಯಿಲ್ಲದ ಗೋಡೆ. ಹಳೆಯ ಗೆಳತಿಯರು ಊಟದ ಹೊತ್ತಿಗೂ ಸಿಗುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ವಸಂತಕ್ಕೆ ಅವಳು ಒಬ್ಬಳೇ ದೊಡ್ಡ ಕೆರೆಗೆ ಹೋದಳು. ಜೊಂಡಿನ ತುಂಡಿನ ಮುಂದೆ ಒಂದಲ್ಲ, ಹಲವು ಬೆಳಿಗ್ಗೆ ನಿಂತಳು. ನೀರುಕೋಳಿ ಗೂಡಿಗೆ ಕಡ್ಡಿ ಎಳೆಯುವುದು ಕಂಡಿತು. ಕತ್ತರಿಹಕ್ಕಿ ಕೇಳಿಸಲಿಲ್ಲ. ಹಕ್ಕಿ ಅಲ್ಲೇ ಕೂಗುತ್ತಿದೆ, ಕೇಳುವ ಯೋಗ್ಯತೆ ತನಗಿಲ್ಲ ಎಂದುಕೊಂಡಳು. ಮೇಷ್ಟ್ರಿಗೆ ಹೇಳಿಕೊಂಡಾಗ ಅವರು, "ಕಿವಿಗೆ ಮಿಷನ್ ಹಾಕಿಸ್ಕೊಳ್ಳಿ ಅಕ್ಕ, ಈಗೆಲ್ಲ ಒಳ್ಳೇದು ಬಂದಿದೆ" ಎಂದು, ಬೇರೆಲ್ಲೋ ಧ್ವನಿಮುದ್ರಿಸಿದ್ದ ಅದೇ ಹಕ್ಕಿಯ ಕೂಗನ್ನು ಅವಳ ಫೋನಿಗೆ ಕಳಿಸಿಕೊಟ್ಟರು. ಡಾಕ್ಟರಿಗೆ ಕೇಳಿಸಲಿ, ಅದಕ್ಕೆ ಹೊಂದುವ ಮಿಷನ್ನನ್ನೇ ಕೊಡಲಿ ಎಂದು.

ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅಲಮಾರಿನಂಥ ಕೋಣೆಯಲ್ಲಿ ಇವಳನ್ನು ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ಹೊರಗೆ ಬಂದ ಮೇಲೆ, "ಗಿರಣಿಯವರ ಕಿವಿ ಅಂದ್ರೆ ನಂಬೋಕಾಗಲ್ಲ. ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕಮ್ಮಿ, ಅಷ್ಟೇ. ಮಿಷನ್ ಬೇಡ" ಎಂದಳು.

"ಹಕ್ಕಿ ದನಿ ಕೇಳಿಸಲ್ಲಮ್ಮ. ತುಂಬ ಸಣ್ಣದು."

ಡಾಕ್ಟರು ಫೋನನ್ನು ತೆಗೆದುಕೊಂಡು ಇವಳ ಬೆನ್ನ ಹಿಂದೆ ನಿಂತಳು. ಕತ್ತರಿಹಕ್ಕಿ ಕೂಗಿತು. ದನಿ ತಗ್ಗಿಸಿದಳು, ಆಗಲೂ ಕೇಳಿಸಿತು. ಬಾಗಿಲಾಚೆ ಹೋಗಿ ಇನ್ನೂ ತಗ್ಗಿಸಿದಳು, ಆಗಲೂ ಕೇಳಿಸಿತು. ಎಷ್ಟೋ ವರ್ಷದ ಮೇಲೆ ಕೇಳಿದ ದನಿ. ಕೆರೆಯಕ್ಕನ ಮುಖ ಅರಳಿತು, ಕಣ್ಣು ತುಂಬಿತು. ಡಾಕ್ಟರಿಗೆ ಎರಡೆರಡು ಸಲ ಕೈ ಮುಗಿದಳು.

ಖುಷಿ ಆಸ್ಪತ್ರೆಯ ಮೆಟ್ಟಿಲಿಳಿಯುವವರೆಗೂ ಉಳಿಯಲಿಲ್ಲ. ಕಿವಿ ಸರಿಯಾಗಿದೆ ಎಂದರೆ ಕೆರೆಯಲ್ಲಿ ಕೂಗುವುದೇ ಇಲ್ಲ ಎಂದಾಯಿತು. ಹಾಗಾದರೆ ಕಳೆದ ವರ್ಷ? ಅದರ ಹಿಂದಿನ ವರ್ಷ? ಕೈಗಂಬಿ ಹಿಡಿದು ಅಲ್ಲೇ ಕೂತಳು. ಮೇಲೆ ಹತ್ತುವವರು, ಕೆಳಗಿಳಿಯುವವರು ಅವಳ ಪಕ್ಕದಿಂದ ಸರಿದು ಹೋದರು. ಕಿವುಡಿಯೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅಲ್ಲಿಂದ ನೆಟ್ಟಗೆ ಅಣ್ಣನ ಮನೆಗೆ ಹೋದಳು. ಅತ್ತಿಗೆ ಅವನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಇವಳು ಮಂಚದ ಪಕ್ಕ ನಿಂತೇ ಹೇಳಿದಳು:

"ನನ್ನ ಕಿವಿ ಚೆನ್ನಾಗಿದೆಯಂತೆ ಅಣ್ಣ."

ಅವನು ನುಂಗುವುದನ್ನು ನಿಲ್ಲಿಸಿದ.

"ಹೋದ ವರ್ಷ ಕೂಗಿತ್ತಾ?"

ಅವನ ಮಾತು ಈಗ ಒಂದೊಂದೇ, ಬಾಯಿಯ ಒಂದೇ ಮೂಲೆಯಿಂದ ಜಾರಿ ಬರುತ್ತಿತ್ತು. "ಮೊದಲ್ನೇ ವರ್ಷ… ಕೂಗಿತೇನೋ ಅನ್ನಿಸ್ತು. ಆಮೇಲೆ ಇಲ್ಲ."

"ಮತ್ತೆ ಯಾಕೆ ಹಾಗಂದೆ?"

"ಇಲ್ಲ ಅಂದಿದ್ರೆ ನೀನು ಬರೋದು ಬಿಡ್ತಿದ್ದೆ. ಕಣ್ಣಿಲ್ದವನನ್ನ ಇನ್ಯಾರು ಕರ್ಕೊಂಡು ಹೋಗ್ತಾರೆ?"

"ಅದಕ್ಕೆ ನನ್ನ ಕಿವುಡಿ ಮಾಡಿದೆಯಾ? ನನ್ನ ಸಾಲು ಬಿಟ್ಟುಕೊಟ್ಟೆನಲ್ಲೋ. ನಾನೇ ಹೋಗಿ, ನನ್ನ ಬಾಯಾರೆ."

ಅಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅತ್ತಿಗೆ ಅವನ ಗದ್ದ ಒರೆಸಿ, "ಅವರಿಗೆ ಇದ್ದದ್ದು ಅದೊಂದೇ ದಿನ ಕಣಮ್ಮ" ಎಂದಳು, ತಪ್ಪು ತನ್ನದೇ ಎನ್ನುವ ಹಾಗೆ. ಕೆರೆಯಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮಾರನೆಯ ದಿನ ಗಿರಣಿಯಲ್ಲಿ ಮೇಲ್ವಿಚಾರಕನನ್ನು ಕಂಡು ತನ್ನ ಸಾಲನ್ನು ವಾಪಸು ಕೇಳಿದಳು. "ಈಗ ಬಂದಿದ್ದೀರಲ್ಲ, ಆ ಸಾಲೆಲ್ಲ ಗುಜರಿಗೆ ಹೋಗಿ ಹೊಸ ಯಂತ್ರ ಬಂದಾಯ್ತು. ಅವು ಕೆಟ್ರೆ ಕೆಂಪು ದೀಪ ಹತ್ತುತ್ತೆ, ಕಿವಿ ಬೇಕಿಲ್ಲ" ಎಂದ. ಅವಳು ತನ್ನ ರಟ್ಟಿನ ಪೆಟ್ಟಿಗೆಗಳಿಗೆ ಮರಳಿದಳು.

ಸಂಜೆ ಮೇಷ್ಟ್ರ ಮನೆಗೆ ಹೋಗಿ, ಹಿಂದಿನ ವಸಂತಗಳಲ್ಲಿ ಬರೆದದ್ದೆಲ್ಲ ಸುಳ್ಳು, ಹೊಡೆದುಹಾಕಿ ಎಂದಳು. ಮೇಷ್ಟ್ರು ಒಳ್ಳೆಯವರು. ಕುರ್ಚಿ ಎಳೆದು ಕೂರಿಸಿ, ಮೆಲ್ಲಗೆ ಹೇಳಿದರು:

"ಹೊಡೆದುಹಾಕಬಹುದು ಅಕ್ಕ. ಆದ್ರೆ ಆ ಜೊಂಡಿನ ತುಂಡು ಉಳಿದಿರೋದೇ ಅದರಿಂದ. ಅಪರೂಪದ ಹಕ್ಕಿ ಇದೆ ಅಂತ ಪ್ರತಿ ವರ್ಷ ನಗರಸಭೆಗೆ ಕಾಗದ ಹಾಕ್ತಿದ್ದೀನಿ. ಅಲ್ಲೇ ದೋಣಿಕಟ್ಟೆ ಕಟ್ಟಬೇಕು ಅಂತ ಅವರಿಗೆ ಆಸೆ. ಈ ವರ್ಷ ಇಲ್ಲ ಅಂತ ಬರೆದ್ರೆ ಮುಗೀತು. ನೀರುಕೋಳಿ ಗೂಡು ಕಟ್ತಿದೆ ಅಂತ ನೀವೇ ಹೇಳಿದ್ರಿ."

"ಅದನ್ನ ಬರೀಬಹುದಲ್ಲ?"

"ನೀರುಕೋಳಿಗೆ ಯಾರು ಬೆಲೆ ಕೊಡ್ತಾರೆ?"

ಕೆರೆಯಕ್ಕ ಎದ್ದು ಬಂದಳು. ಒಂದು ವಾರ ಊಟ ರುಚಿಸಲಿಲ್ಲ. ಅಣ್ಣನ ಮನೆಯ ದಾರಿ ತುಳಿಯಲಿಲ್ಲ. ಮತ್ತೆ ಕೆರೆಗೆ ಹೋಗಿ ನೋಡಿದಳು. ಹೆಣ್ಣು ನೀರುಕೋಳಿ ಎದ್ದು ಹೋದಾಗ ಗೂಡಿನಲ್ಲಿ ಮೊಟ್ಟೆಗಳು ದುರ್ಬೀನಿಗೆ ಚೆನ್ನಾಗಿ ಕಂಡವು. ಅಲ್ಲೇ ಬೆಂಚಿನ ಮೇಲೆ ಕೂತು, ಮೇಷ್ಟ್ರಿಗೆ ಕೊಡಬೇಕಾದ ಹಾಳೆಯಲ್ಲಿ ತನ್ನ ಕೈಯಾರೆ ಬರೆದಳು: ಕತ್ತರಿಹಕ್ಕಿ, ಇದೆ, ಒಂದು, ದನಿ ಮಾತ್ರ. ಬರೆದ ಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು. ದಾರಿಯಲ್ಲಿ ಓಡುವವರು ಓಡುತ್ತಿದ್ದರು.

ಮೊಟ್ಟೆ ಒಡೆಯುವ ಮುಂಚೆಯೇ ಯಂತ್ರ ಬಂತು. ಅವಳು ಮುಂದಿನ ರಜೆಯ ದಿನ ಹೋದಾಗ ಜೊಂಡಿದ್ದ ಜಾಗದಲ್ಲಿ ಕಪ್ಪು ಕೆಸರು, ಅದರಲ್ಲಿ ಚಕ್ರದ ಗುರುತು. ಕೆಲಸ ಮಾಡಿಸುತ್ತಿದ್ದ ನಗರಸಭೆಯವನು ಕೊಡೆಯ ಕೆಳಗೆ ನಿಂತಿದ್ದ.

"ಇಲ್ಲಿ ಹಕ್ಕಿ ಇತ್ತು. ಮೇಷ್ಟ್ರು ಕಾಗದ ಬರೆದಿದ್ರಲ್ಲ, ಪ್ರತಿ ವರ್ಷ?"

"ಯಾವ ಕಾಗದ?" ಎಂದ ಅವನು. ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. "ಈ ಕೆಲಸ ಮೊದಲೇ ಪಾಸಾಗಿತ್ತು. ಹೂಳು ತೆಗೆಯೋ ಯಂತ್ರ ಬೇರೆ ಕಡೆ ಇತ್ತು, ಅದಕ್ಕೇ ತಡ ಆಯ್ತು ಅಷ್ಟೇ."

ಕೆಸರಿನ ಅಂಚಿನಲ್ಲಿ ನೀರುಕೋಳಿ ಜೋಡಿ ಅತ್ತಿಂದಿತ್ತ ಈಜುತ್ತಿತ್ತು.

ಆ ಸಂಜೆ ಅಣ್ಣನ ಮಂಚದ ಪಕ್ಕ ಹೋಗಿ ಕೂತಳು.

"ಜೊಂಡು ಹೋಯ್ತು ಅಣ್ಣ."

"ಪೂರ್ತಿ?"

"ಪೂರ್ತಿ. ಮೊಟ್ಟೆ ಸಮೇತ." ಅವನ ಹೊದಿಕೆ ಸರಿಮಾಡುತ್ತ ಹೇಳಿದಳು, "ನಾನೂ ಬರೆದೆ. ಇದೆ ಅಂತ."

ಅಣ್ಣ ಅವಳ ಕಡೆ ಮುಖ ಮಾಡಿದ. ಅವನ ಅರ್ಧ ಬಾಯಿ ನಕ್ಕಿತು. ಕೆಮ್ಮು ಬರುವವರೆಗೂ ನಕ್ಕ. ಅವಳಿಗೆ ನಗು ಬರಲಿಲ್ಲ. ಆದರೂ ಅವನ ತಲೆಯನ್ನು ಎತ್ತಿ ಹಿಡಿದು ನೀರು ಕುಡಿಸಿದಳು.

ಮೇಷ್ಟ್ರು ಆಮೇಲೆ ಅವಳು ಕೇಳಿಕೊಂಡಂತೆ ಅಷ್ಟೂ ವರ್ಷದ್ದನ್ನು ಅಳಿಸಿ, ಇಲ್ಲ ಎಂದು ತಿದ್ದಿ ಕಳಿಸಿದರು. ತಿದ್ದಿದ್ದೇಕೆಂದು ಮೇಲಿನವರು ಯಾರೂ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನಿಗೆ ಎರಡನೇ ಸಲ ಲಕ್ವ ಹೊಡೆಯಿತು, ಅದರಿಂದ ಏಳಲಿಲ್ಲ. ಮುಂದಿನ ವಸಂತಕ್ಕೆ ದೊಡ್ಡ ಕೆರೆಯನ್ನು ಯಾರೂ ತಮ್ಮ ಪಾಲಿಗೆ ಕೇಳಲಿಲ್ಲ, ಇವಳೂ ಕೇಳಲಿಲ್ಲ. ರಜೆಯ ದಿನ ಈಗ ಅತ್ತಿಗೆಯ ಮನೆಗೆ ಹೋಗುತ್ತಾಳೆ. ಇಬ್ಬರೂ ಕಿಟಕಿಯ ಬಳಿ ಕೂತು, ದರ್ಜಿಯ ಅಂಗಡಿಯಿಂದ ಬಂದ ಅಂಗಿಗಳಿಗೆ ಗುಂಡಿ ಹೊಲಿಯುತ್ತಾರೆ. ಅತ್ತಿಗೆ ಕೆರೆಯ ಸುದ್ದಿ ಎತ್ತುವುದಿಲ್ಲ. ಹೊತ್ತು ಮುಳುಗಿದ ಮೇಲೆ ದಾರ ಪೋಣಿಸುವುದು ಇಬ್ಬರಿಗೂ ಕಷ್ಟ, ದೀಪ ಹಾಕಿಕೊಳ್ಳುತ್ತಾರೆ.