ನಾನು ಹೊಡೆದು ಹಾಕದ ಇಂಗ್ಲಿಷ್ ಸಾಲು

ಇವತ್ತು ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸೈಟು ಮಾರುವವರ ಬೋರ್ಡೊಂದು ‘ಡು ದ ಮ್ಯಾತ್ಸ್’, ಅಂದರೆ ಲೆಕ್ಕ ಹಾಕಿ ನೋಡಿ ಎಂದು ಎಲ್ಲರಿಗೂ ಅಪ್ಪಣೆ ಕೊಡುತ್ತಿತ್ತು. ಅದನ್ನು ಓದುತ್ತಲೇ ನಾನು ಭರಮಸಾಗರದ ನಮ್ಮ ಶಾಲೆಯ ಬೆಂಚಿಗೆ ಹೋಗಿ ಕೂತೆ.

ಅಲ್ಲಿ ಪ್ರತಿ ಲೆಕ್ಕದ ಕೆಳಗೆ ‘ತಾಳೆ ನೋಡಿದೆ, ಸರಿಯಿದೆ’ ಎಂದು ಬರೆಯುವುದು ಪದ್ಧತಿ. ನಾನು ಪರೀಕ್ಷೆಯಲ್ಲಿ ಅದರ ಬದಲು, ಕಾಲೇಜಿಗೆ ಹೋಗುತ್ತಿದ್ದ ಸೋದರಮಾವ ಕಲಿಸಿದ್ದ ‘ಐ ಡಿಡ್ ದ ಮ್ಯಾತ್ಸ್’ ಎಂಬ ಇಂಗ್ಲಿಷ್ ಸಾಲು ಬರೆದೆ. ನಶ್ಯ ಏರಿಸುತ್ತ ಪೇಪರ್ ತಿದ್ದುತ್ತಿದ್ದ ಗಣಿತದ ಮೇಷ್ಟ್ರು ಸೀನುವುದನ್ನೇ ಮರೆತು ನನ್ನನ್ನು ಮೇಜಿನ ಹತ್ತಿರ ಕರೆದರು.

“ಏನವ್ವ, ಇದು ಬಾಯಾಗೆ ಆಡೋ ಇಂಗ್ಲಿಷು. ಪೇಪರ್‌ನಾಗೆ ಬರಿಯಂಗಿಲ್ಲ. ಹೊಡ್ದಾಕು, ಇಲ್ಲಾಂದ್ರೆ ಒಂದು ಮಾರ್ಕು ಕಟ್.”

“ಲೆಕ್ಕ ಸರಿ ಐತಾ ಸಾ?”

“ಐತೆ.”

“ಹಂಗಾರೆ ನಾನು ಬರ್ದಿರೋದೂ ನಿಜಾನೇ ಐತಲ್ಲ ಸಾ. ಯಾಕೆ ಹೊಡ್ದಾಕ್ಲಿ?”

ಆ ಒಂದು ಮಾರ್ಕಿನಿಂದ ಮೊದಲ ಸ್ಥಾನ ಪಕ್ಕದ ಬೆಂಚಿನ ನಸೀಮಾಳ ಪಾಲಾಯಿತು. “ಒಂದು ಗೀಟು ಎಳ್ದಿದ್ರೆ ನಿನ್ ಕೈ ಸವೀತಿತ್ತಾ?” ಎಂದು ಅವ್ವ ವಾರಗಟ್ಟಲೆ ಗೊಣಗಿದಳು.

ಈಗ ನಾನು ಪತ್ರಿಕೆಗೆ ಅಂಕಣ ಬರೆಯುತ್ತೇನೆ. ಆಡುಮಾತು ಬರಹಕ್ಕೆ ಒಪ್ಪುವುದಿಲ್ಲವೆಂದು ಸಂಪಾದಕರು ಅಲ್ಲಲ್ಲಿ ಹೊಡೆದು ವಾಪಸ್ ಕಳಿಸುತ್ತಾರೆ. ನಾನು ಅಷ್ಟನ್ನೂ ಮೊದಲಿನಂತೆಯೇ ಬರೆದು ಕಳಿಸುತ್ತೇನೆ. ಬೇಕಾದರೆ ಅವರೂ ಮಾರ್ಕು ಕಟ್ ಮಾಡಿಕೊಳ್ಳಲಿ.