ತಪ್ಪು ಮೂಲೆಯ ಬಾವಿ

ಮೊನ್ನೆ ಬೆಳಿಗ್ಗೆ ಅಂಗಳದ ನಳ್ಳಿ ತಿರುಗಿಸಿದರೆ ಅಕ್ಕಿ ತೊಳೆದಂಥ ನೀರು ಬಂತು. ಕೊಡಪಾನದಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿದೆ. ತಳದಲ್ಲಿ ಬೆಳ್ಳಗೆ, ನುಣ್ಣಗೆ ಮಣ್ಣು ಕೂತಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಶೇಡಿಮಣ್ಣು. ಹಸಿ ಶೇಡಿಯ ಆ ತಣ್ಣನೆಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಆಚೆಮನೆಯ ಅಕ್ಕ ಸೊಂಟಕ್ಕೆ ಕೈಕೊಟ್ಟು ನನ್ನೆದುರು ನಿಂತ ಹಾಗಾಯಿತು. ಸೊಸೆ ಪಂಚಾಯತಿಗೆ ಫೋನು ಮಾಡಿ ಬಯ್ಯುತ್ತಿದ್ದಳು. ನಾನು ಮಾತ್ರ, ಈ ಅಕ್ಕ ಸತ್ತ ಮೇಲೂ ಗೆದ್ದಳಲ್ಲ ಎಂದುಕೊಂಡೆ.

ನಾನು ಮೂಡುಬಿದಿರೆಯವಳು. ಹದಿನೆಂಟು ಕೆರೆಗಳ ಊರೆಂದು ಅದಕ್ಕೆ ಹೆಸರು. ನೀರಿಗಾಗಿ ಯಾರ ಮುಖವನ್ನೂ ನೋಡಿ ಗೊತ್ತಿಲ್ಲದವಳು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಮದುವೆಯಾಗಿ, ಪುಂಜಾಲಕಟ್ಟೆಯಿಂದ ಒಳಗಿರುವ ಈ ಗುಡ್ಡದ ಬುಡಕ್ಕೆ ಬಂದೆ. ಮೇಲೆ ಪದವು, ಅಂದರೆ ಗುಡ್ಡದ ನೆತ್ತಿಯಲ್ಲಿ ಮರವಿಲ್ಲದ ಕೆಂಪು ಮುರಕಲ್ಲಿನ ಬಯಲು. ಅದರ ಇಳಿಜಾರಿನಲ್ಲಿ ನಾಲ್ಕು ಮನೆ, ಎಲ್ಲದಕ್ಕೂ ಮುಳಿಹುಲ್ಲಿನ ಮಾಡು. ನಮ್ಮ ಬಾವಿ ಶಾಸ್ತ್ರಪ್ರಕಾರ ಈಶಾನ್ಯದಲ್ಲಿತ್ತು. ಆಚಾರಿ ಬಂದು ಗೂಟ ಹೊಡೆದು ತೋರಿಸಿದ ಜಾಗ. ಶಾಸ್ತ್ರ ಒಂದಿಷ್ಟೂ ತಪ್ಪಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ನೀರು ಮಾತ್ರ ಇರುತ್ತಿರಲಿಲ್ಲ.

ಅಕ್ಕನ ಬಾವಿ ಇದ್ದದ್ದು ನೈಋತ್ಯದಲ್ಲಿ, ಬಾವಿ ಇರಲೇಬಾರದ ಮೂಲೆಯಲ್ಲಿ. ಅವಳ ಗಂಡ ಘಟ್ಟದ ಮೇಲೆ ಚಿನ್ನದ ಗಣಿಯಲ್ಲಿ ಅಳತೆಯ ಕೆಲಸದಲ್ಲಿದ್ದು, ಕೆಮ್ಮು ಹಿಡಿಸಿಕೊಂಡು ಊರಿಗೆ ಮರಳಿದವನಂತೆ. ಅವನು ಆಚಾರಿಯನ್ನು ಕರೆಸಲೇ ಇಲ್ಲ. ಒಂದು ಇಡೀ ಮಳೆಗಾಲ ಹೆಂಡತಿಯನ್ನೂ ಕರೆದುಕೊಂಡು ಗುಡ್ಡ ಸುತ್ತಿದ. ಮುರಕಲ್ಲು ಎಲ್ಲಿ ಮುಗಿದು ಶೇಡಿ ಎಲ್ಲಿ ಶುರುವಾಗುತ್ತದೆ, ನೀರು ಎಲ್ಲೆಲ್ಲಿ ಒಸರುತ್ತದೆ ಎಂದು ನೋಡಿ, ಆ ಗೆರೆ ತನ್ನ ಹಿತ್ತಿಲಲ್ಲಿ ಹಾದುಹೋದ ಕಡೆ ಬಾವಿ ತೋಡಿಸಿದ. ಧಾರಾಳ ನೀರು ಸಿಕ್ಕಿತು. ಆಮೇಲೆ ಅವನು ಹೆಚ್ಚು ಕಾಲ ಉಳಿಯಲಿಲ್ಲ. "ಬಾವಿ ಯಜಮಾನನನ್ನು ತಿಂದಿತು" ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹೇಳುತ್ತಲೇ, ಬೇಸಗೆಯ ಸುಗ್ಗಿ ತಿಂಗಳು ಬಂತೆಂದರೆ ನನ್ನ ಕೈಗೆ ಕೊಡಪಾನ ಕೊಟ್ಟು ಅದೇ ಬಾವಿಗೆ ಅಟ್ಟುತ್ತಿದ್ದರು.

ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು ಅವಳು. ಎತ್ತರದ ಆಳು, ಗಟ್ಟಿ ಸ್ವರ. ನಾನು ಹಗ್ಗ ಎಳೆಯುವಾಗ ಬಾವಿಕಟ್ಟೆಯ ಪಕ್ಕ ನಿಂತು, "ಮೆಲ್ಲ ಎಳಿ ಮಗಳೇ, ನೀರು ಎಲ್ಲಿಗೂ ಓಡಿ ಹೋಗುದಿಲ್ಲ" ಎನ್ನುತ್ತಿದ್ದಳು. ಓಡಿಹೋಗುವುದಿಲ್ಲ ಎಂಬುದೇ ನನ್ನ ಸಂಕಟವೆಂದು ಅವಳಿಗೇನು ಗೊತ್ತು. ಕೊಡ ತುಂಬಿದ ಮೇಲೆ ಹಾಗೇ ಬಿಡುತ್ತಿರಲಿಲ್ಲ. ಜಗಲಿಯಲ್ಲಿ ಕೂರಿಸಿ, ನೆಂಟರಿಗೆ ಕೊಡುವಂತೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಇಡುತ್ತಿದ್ದಳು. ನೀರಿಗೆ ಬಂದವಳಿಗೆ ನೀರು ಕೊಟ್ಟು ಉಪಚಾರ! ಬೆಲ್ಲ ಬಾಯಲ್ಲಿ ಕರಗುತ್ತಿತ್ತು, ಹೊಟ್ಟೆಯಲ್ಲಿ ಮೆಣಸು ಅರೆದ ಹಾಗಾಗುತ್ತಿತ್ತು. ದೇವರೇ, ಒಂದೇ ಒಂದು ಬೇಸಗೆ ಇವಳ ಬಾವಿಯೂ ಬತ್ತಲಿ, ಕೊಡ ಹಿಡಿದು ಇವಳೂ ಎಲ್ಲಿಗಾದರೂ ಹೋಗಲಿ ಎಂದು ಪ್ರತಿ ವರ್ಷ ಬೇಡಿಕೊಳ್ಳುತ್ತಿದ್ದೆ. ದೇವರು ನನ್ನ ಮಾತಿಗೆ ಕಿವಿಗೊಡಲಿಲ್ಲ.

ನನ್ನ ಆಸೆ ಒಂದೇ ಆಗಿತ್ತು, ಹಂಚಿನ ಮನೆ. ಮುಳಿಹುಲ್ಲಿನ ಮಾಡಿನಿಂದ ಮಳೆಗಾಲದಲ್ಲಿ ಹುಳ ಉದುರುತ್ತಿತ್ತು, ಬಾಣಂತನದಲ್ಲಿ ಮಗುವಿನ ಮೇಲೆ ಹನಿ ಬೀಳದಂತೆ ತೊಟ್ಟಿಲನ್ನು ಮೂಲೆಯಿಂದ ಮೂಲೆಗೆ ಎಳೆದು ಸಾಕಾಗಿತ್ತು. ಕೊನೆಗೂ ನನ್ನವರು ಒಪ್ಪಿದರು. ಪದವಿನಲ್ಲಿ ನಮ್ಮ ಪಾಲಿನ ಜಾಗ ಮನೆಯ ನೆತ್ತಿಯ ಮೇಲೆಯೇ ಇತ್ತು. ಅಲ್ಲಿ ಮುರಕಲ್ಲು ಕಡಿದು, ಹಾಗೆಯೇ ಕೆಳಗೆ ಉರುಳಿಸಿದರೆ ಸಾಕು, ಬರುವ ಮಳೆಗೆ ಮೊದಲು ಗೋಡೆ ಎದ್ದೀತು ಎಂದು ಲೆಕ್ಕ ಹಾಕಿದ್ದೆವು. ಕಲ್ಲು ಕಡಿಯುವವರಿಗೆ ಹೇಳಿಯೂ ಆಗಿತ್ತು.

ಸುದ್ದಿ ಕೇಳಿ ಅಕ್ಕ ಬಂದಳು. ಸೆರಗಿನಲ್ಲಿ ಒಂದು ಮುರಕಲ್ಲಿನ ತುಂಡು, ಬಾಳೆಲೆಯಲ್ಲಿ ಒಂದು ಮುದ್ದೆ ಶೇಡಿ. ನಮ್ಮ ಜಗಲಿಯಲ್ಲಿ ಶೇಡಿಯನ್ನು ರೊಟ್ಟಿಯ ಹಾಗೆ ತಟ್ಟಿ, ಒಂದು ಬದಿ ತಗ್ಗಾಗುವಂತೆ ಇಟ್ಟು, ಅದರ ಮೇಲೆ ಕಲ್ಲನ್ನು ಕೂರಿಸಿದಳು. ಆಮೇಲೆ ನನ್ನ ಕೊಡಪಾನದಿಂದ ಒಂದು ಚೆಂಬು ನೀರು ತೆಗೆದು ಮೆಲ್ಲಗೆ ಹೊಯ್ದಳು. ಅವಳ ಬಾವಿಯಿಂದಲೇ ನಾನು ಹೊತ್ತು ತಂದ ನೀರು! ಕಲ್ಲು ಅಷ್ಟನ್ನೂ ಕುಡಿಯಿತು. ಸ್ವಲ್ಪ ಹೊತ್ತಿಗೆ ಕಲ್ಲಿನ ಬುಡದಲ್ಲಿ ನೀರು ಕಾಣಿಸಿಕೊಂಡು, ಶೇಡಿಯ ಮೇಲೆ ಗೆರೆ ಹಿಡಿದು ತಗ್ಗಿಗೆ ಹರಿಯಿತು.

ನಾವು ಮಾತಾಡುವುದು ತುಳು. ಕಲ್ಲಿನ ವಿಷಯ ಬಂದರೆ ಮಾತ್ರ ಅವಳು ಕನ್ನಡಕ್ಕೆ ತಿರುಗುತ್ತಿದ್ದಳು, ಗಂಡ ಹೇಳಿಕೊಟ್ಟದ್ದು ಆ ಭಾಷೆಯಲ್ಲಂತೆ. "ಮುರಕಲ್ಲು ಮಳೆನೀರು ಕುಡಿತದೆ, ಶೇಡಿ ಕುಡಿಯುದಿಲ್ಲ, ತಡೆದು ನಿಲ್ಲಿಸ್ತದೆ. ಆ ನೀರೇ ನಮ್ಮ ಬಾವಿಗಳಿಗೆ ಬರುದು. ಮೇಲೆ ಶೇಡಿವರೆಗೆ ಕಡಿದ್ರೆ ನೀರು ನಿಲ್ಲಲಿಕ್ಕೆ ಜಾಗವೇ ಇಲ್ಲ. ಮತ್ತೆ ಆಟಿಯ ಮಳೆಗೆ ಶೇಡಿ ಜಾರಿತು ಅಂದ್ರೆ, ಕೆಳಗೆ ಮಲಗಿದವರು ನೀವೇ."

"ಹಾಗಾದ್ರೆ ಕಲ್ಲು ಎಲ್ಲಿಂದ ತರುದು ಅಕ್ಕ?" ಎಂದರು ನನ್ನವರು.

"ತೋಡಿನ ಆಚೆ ಗುಡ್ಡದಿಂದ ತನ್ನಿ. ಅದರ ಕೆಳಗೆ ಮನೆಯೂ ಇಲ್ಲ, ಬಾವಿಯೂ ಇಲ್ಲ. ದೂರ ಆಗ್ತದೆ, ಅಷ್ಟೆ."

ಅವಳ ಆ 'ಅಷ್ಟೆ'ಗೆ ನಾನು ಇನ್ನೂ ಎರಡು ಮಳೆಗಾಲ ಮುಳಿಹುಲ್ಲಿನ ಕೆಳಗೆ ತೊಟ್ಟಿಲು ಎಳೆದೆ. ಒಂದೊಂದೇ ಕಲ್ಲು ತಲೆಹೊರೆಯಲ್ಲಿ ತೋಡಿನ ನೀರು ದಾಟಿ ಬರಬೇಕಾಯಿತು. ಊಟಕ್ಕೆ ಬಡಿಸುವಾಗ ಗಂಡನನ್ನು ಕೇಳಿಯೇಬಿಟ್ಟೆ, "ನನ್ನ ಮಾತಿಗೆ ಒಂದು ದಿನವಾದರೂ ಹೀಗೆ ತಲೆಯಾಡಿಸಿದ್ದುಂಟಾ ನೀವು?" ಅವರು ಅನ್ನ ಕಲಸುತ್ತಾ, "ನೀನು ಕಲ್ಲಿನ ವಿಷಯ ಮಾತಾಡಿದ್ದೇ ಇಲ್ಲವಲ್ಲ ಮಾರಾಯ್ತಿ" ಎಂದರು. ಆ ದಿನ ಅವರಿಗೆ ಎರಡನೆಯ ಸಲ ಸಾರು ಬಡಿಸಲಿಲ್ಲ.

ಅವಳಿಗೆ ತನ್ನ ಬಾವಿಯದೇ ಚಿಂತೆ, ಬೇರೇನಲ್ಲ ಎಂದು ನಾನು ಉಳಿದೆರಡು ಮನೆಗಳಿಗೂ ಹೋಗಿ ಹೇಳಿ ಬಂದೆ. ಪ್ರಯೋಜನವಾಗಲಿಲ್ಲ. ಅವರ ಜಗಲಿಯಲ್ಲೂ ಅವಳು ಕಲ್ಲು ಶೇಡಿ ಇಟ್ಟು ನೀರು ಹೊಯ್ದಾಗಿತ್ತು. ಪದವಿನಲ್ಲಿ ಯಾರೂ ಕಲ್ಲು ಕಡಿಯಬಾರದೆಂದು ನಾಲ್ಕೂ ಮನೆಯವರು ಮಾತುಕೊಟ್ಟರು. ಅಷ್ಟೇ ಅಲ್ಲ, ಪದವಿನ ಮೇಲೆ ಹಿಂದಿನವರು ಮಾಡಿಟ್ಟ ಒಂದು ಮದಕವಿತ್ತು, ಮಳೆನೀರು ನಿಲ್ಲುವ ಹೊಂಡ. ಹೂಳು ತುಂಬಿ ಎಮ್ಮೆ ಹೊರಳುವ ಜಾಗವಾಗಿತ್ತು. ಪ್ರತಿ ವರ್ಷ ಪತ್ತನಾಜೆಗೆ ಮೊದಲು, ಅಂದರೆ ಮಳೆ ಹಿಡಿಯುವುದರೊಳಗೆ, ಅದರ ಹೂಳೆತ್ತಬೇಕೆಂದು ಅವಳು ಕಟ್ಟಳೆ ಮಾಡಿದಳು. ಅವಳು ಮೇಲೆ ನಿಂತು ಹೇಳುವುದು, ನಾವು ಬುಟ್ಟಿ ಹೊರುವುದು. ಕೆಲವು ವರ್ಷ ಕಳೆಯುವಷ್ಟರಲ್ಲಿ ನಮ್ಮ ಈಶಾನ್ಯದ ಬಾವಿಯಲ್ಲಿ ಯುಗಾದಿಯವರೆಗೂ ನೀರು ನಿಲ್ಲತೊಡಗಿತು. ಆ ಸಂತೋಷವನ್ನೂ ಅವಳ ಹೆಸರಿನಲ್ಲೇ ಪಡಬೇಕಾಯಿತು.

ನಮ್ಮ ಗೋಡೆ ಅರ್ಧ ಎದ್ದಿದ್ದ ವರ್ಷ, ಆಟಿ ತಿಂಗಳಿನಲ್ಲಿ, ಕೊಕ್ಕಡದ ಹತ್ತಿರವಿದ್ದ ನನ್ನ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ನೆನೆಯುತ್ತಾ ನಮ್ಮಲ್ಲಿಗೆ ಬಂದಳು. ಅವರು ಮನೆಯ ಹಿಂದಿನ ಗುಡ್ಡದಲ್ಲೇ ಕಲ್ಲು ಕಡಿದು ಹಂಚಿನ ಮನೆ ಕಟ್ಟಿಸಿದ್ದರು. ಕಡಿದ ಬದಿ ಪೂರ್ತಿ ಜಾರಿ ದನದ ಹಟ್ಟಿಯ ಮೇಲೆ ಬಿದ್ದಿತ್ತು. ಜನ ಉಳಿದದ್ದೇ ಪುಣ್ಯ. ಮಳೆ ಬಿಟ್ಟ ಮೇಲೆ ನಾನೂ ಹೋಗಿ ನೋಡಿದೆ. ಬಾವಿ ತುಂಬ ಮಜ್ಜಿಗೆಯ ಹಾಗೆ ಬಿಳಿ ನೀರು. ಇಡೀ ವರ್ಷ ಅದು ತಿಳಿಯಾಗಲೇ ಇಲ್ಲ. ನನ್ನ ತೊಟ್ಟಿಲು ಇದ್ದ ಮೂಲೆ ನೆನಪಾಯಿತು.

ಮರಳಿ ಬರುವಾಗ ದಾರಿಯುದ್ದಕ್ಕೂ ಒಂದು ಉತ್ತರ ಹೆಣೆದುಕೊಂಡೆ. ಅಕ್ಕ 'ನಾನು ಹೇಳಿರಲಿಲ್ಲವಾ' ಎಂದು ಹೇಳಿಯೇ ಹೇಳುತ್ತಾಳೆ, ಅಂದದ್ದೇ ಬಾಯಿ ಮುಚ್ಚಿಸಬೇಕು ಎಂದು. ಅವಳು ಬೇಲಿಯ ಹತ್ತಿರ ನಿಂತು ಕೇಳಿದ್ದು ಒಂದೇ ಮಾತು. "ದನ ಉಳಿಯಿತಾ?" ಇಲ್ಲವೆಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಂದಿಷ್ಟು ಹಮ್ಮು ತೋರಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು...

ಮನೆ ಒಕ್ಕಲಿನ ದಿನ ಕರೆದರೂ ಅವಳು ಒಳಗೆ ಬರಲಿಲ್ಲ. ಶುಭಕಾರ್ಯಕ್ಕೆ ತಾನು ಬರಬಾರದೆಂದು ಹಿತ್ತಿಲ ಬಾಗಿಲಲ್ಲೇ ನಿಂತಳು. ಹೊಸ ಗೋಡೆಯನ್ನು ಬಹಳ ಹೊತ್ತು ಸವರಿದಳು. ಅಂಗಳದಲ್ಲಿ ನನ್ನವರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೆಂಟರೊಡನೆ ನಗುತ್ತಿದ್ದರು. ಅವರನ್ನೇ ನೋಡುತ್ತಾ, "ನಿನ್ನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಉಂಟು ಗೊತ್ತುಂಟಾ ಮಗಳೇ?" ಎಂದಳು. ನಗುತ್ತಲೇ ಹೇಳಿದಳು, ಆದರೆ ನಗೆ ಕಣ್ಣಿನವರೆಗೆ ಬರಲಿಲ್ಲ.

ಸುಳ್ಳೇಕೆ ಹೇಳಲಿ, ಆ ಮಾತು ಕೇಳಿ ನನಗೆ ಹಂಚಿನ ಮನೆಗಿಂತ ಹೆಚ್ಚು ಸಂತೋಷವಾಯಿತು. ಅವಳಿಗೆ ಪಾಯಸ ಹಾಕುವಾಗ ದ್ರಾಕ್ಷಿ ಗೇರುಬೀಜ ಹುಡುಕಿ ಹುಡುಕಿ ಹಾಕಿದೆ. ಆದರೆ ಮರುದಿನ ನೀರಿಗೆ ಹೋದಾಗ ಬೆಲ್ಲ ಕಂಡು ಮತ್ತೆ ಹೊಟ್ಟೆ ಉರಿಯಿತು. ಅವಳು ಇದ್ದಷ್ಟು ವರ್ಷವೂ ನಾವು ಹೀಗೆಯೇ ಇದ್ದೆವು.

ಅವಳು ಹೋಗಿ ಬಹಳ ಕಾಲವಾಯಿತು. ನನ್ನವರೂ ಹೋದರು. ಅವಳಿಗೆ ಮಕ್ಕಳಿರಲಿಲ್ಲ, ತಮ್ಮನ ಮಕ್ಕಳು ಜಾಗ ಮಾರಿದರು. ಮಾತು ಕೊಟ್ಟ ನಾಲ್ಕು ಮನೆಗಳಲ್ಲಿ ಮಾತು ನೆನಪಿರುವವಳು ನಾನೊಬ್ಬಳೇ. ಈಗ ಪದವಿನ ಮೇಲೆ ಯಂತ್ರದಲ್ಲಿ ಕಲ್ಲು ಕೊಯ್ಯುತ್ತಾರೆ, ಮದಕವಿದ್ದ ಕಡೆ ಲಾರಿ ನಿಲ್ಲುತ್ತದೆ, ನಳ್ಳಿಗೆ ನೀರು ಬರುವ ಪಂಚಾಯತಿ ಬಾವಿಗೆ ಶೇಡಿ ಇಳಿಯುತ್ತದೆ. ಬೇಡವೆಂದು ಮಗನ ಹತ್ತಿರ ಹೇಳಿಸಿದೆ, ಪಂಚಾಯತಿನವರು ಬಂದಾಗ ನಾನೇ ಹೇಳಿದೆ. ಅಜ್ಜಿ, ನೀವು ಒಳಗೆ ಕೂತುಕೊಳ್ಳಿ ಎಂದರು. ಕಲ್ಲು, ಶೇಡಿ ಜಗಲಿಯಲ್ಲಿಟ್ಟು ನೀರು ಹೊಯ್ದು ತೋರಿಸುವ ಗತ್ತು ನನಗೆಲ್ಲಿಂದ ಬರಬೇಕು... ಅದಕ್ಕೂ ಅವಳೇ ಬೇಕಿತ್ತು.

ಬಿಳಿ ನೀರು ಬಂದ ದಿನ ಸಂಜೆ ಕೋಲು ಹಿಡಿದು ಬೇಲಿ ದಾಟಿ ಅವಳ ಹಿತ್ತಿಲಿಗೆ ಹೋದೆ. ಕಟ್ಟೆಯ ಮೇಲೆ ಕೈಯೂರಿ ಬಾವಿಯೊಳಗೆ ಬಗ್ಗಿ ನೋಡಿದೆ. ನೀರಿರಲಿಲ್ಲ. ತಳದಲ್ಲಿ ಬಿಳಿ ಶೇಡಿ ಒಣಗಿ ಬಿರುಕು ಬಿಟ್ಟಿತ್ತು. ವರ್ಷ ವರ್ಷವೂ ನಾನು ದೇವರಲ್ಲಿ ಕೇಳಿಕೊಂಡದ್ದು ಇದನ್ನೇ. ಕೊಡ ಹಿಡಿದು ಹೊರಡಲು ಅವಳಿರಲಿಲ್ಲ, ಅಷ್ಟೆ.

ಮನೆಗೆ ಬಂದಾಗ ಟ್ಯಾಂಕರಿನ ನೀರು ಬಂದಿತ್ತು. ಸೊಸೆ ಒಂದು ಲೋಟ ತಂದು ಕೊಟ್ಟಳು. ಒಂದು ತುಂಡು ಬೆಲ್ಲ ಕೊಡು ಎಂದೆ. "ಸಕ್ಕರೆ ಕಾಯಿಲೆ ಉಂಟಲ್ಲ ಅತ್ತೆ, ಈಗ ಬೆಲ್ಲ ಯಾಕೆ?" ಎಂದಳು. ಲೋಟ ಹಿಡಿದು ಜಗಲಿಯಲ್ಲಿ ಕೂತು, ಬರಿಯ ನೀರನ್ನೇ ಕುಡಿದೆ.